ತಪ್ಪಿದ ಗುಳಿಗೆಯ ಬೆಲೆ: ಎಚ್‌ಐವಿ ಔಷಧ ಪ್ರತಿರೋಧ ಮತ್ತು ಕಲ್ಲು–ಸಿಮೆಂಟ್ ವಲಯದ ಹೊಣೆ

ಕಲಬುರಗಿ ಜಿಲ್ಲೆಯ ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ ಮತ್ತು ಚಿಂಚೋಳಿ ಭಾಗಗಳ ಆರ್ಥಿಕ ಜೀವನವು ನೆಲದಡಿಯ ಸುಣ್ಣದಕಲ್ಲನ್ನು ಆಧರಿಸಿ ನಿಂತಿದೆ. ಅದೇ ಕಲ್ಲು ಒಂದೆಡೆ ಸಿಮೆಂಟಾಗಿ, ಇನ್ನೊಂದೆಡೆ ಪರ್ಸಿ ಹಾಸುಗಲ್ಲಾಗಿ ದೇಶದ ನಾನಾ ಭಾಗಗಳಿಗೆ ಸಾಗುತ್ತದೆ. ವಾಡಿ ಪಟ್ಟಣಕ್ಕೆ ಸಮೀಪದ ರಾವೂರದಂತಹ ಗ್ರಾಮಗಳಲ್ಲಿ ಗಣಿ ಕೆಲಸ, ಕಲ್ಲು ಕೊರೆಯುವ ಹಾಗೂ ಪಾಲಿಶ್ ಮಾಡುವ ಕೆಲಸ, ಲೋಡಿಂಗ್, ಲಾರಿ ಸಾಗಣೆ ಇವುಗಳಿಂದಲೇ ಅನೇಕ ಕುಟುಂಬಗಳ ಒಲೆ ಉರಿಯುತ್ತದೆ. ಇಲ್ಲಿ ಕೆಲಸ ಸಾಲದ ತಾಂಡಾ ಹಾಗೂ ಹಳ್ಳಿಗಳ ಜನರು ಮುಂಬೈ, ಪುಣೆ, ಹೈದರಾಬಾದ್ ಕಡೆಗೆ ಗುಳೆ ಹೋಗುತ್ತಾರೆ. ಮುಂಬೈ–ಚೆನ್ನೈ ಮಾರ್ಗದಿಂದ ಸಿಕಂದರಾಬಾದಿನ ಮಾರ್ಗ ಕವಲೊಡೆಯುವ ವಾಡಿ ಜಂಕ್ಷನ್ ಈ ಸಂಚಾರದ ಬಾಗಿಲಾಗಿದೆ.

ಸರಕು ಮತ್ತು ದುಡಿಮೆ ಹೀಗೆ ಸದಾ ಚಲಿಸುತ್ತಿರುವ ಪ್ರದೇಶದಲ್ಲಿ ಎಚ್‌ಐವಿ ಸೋಂಕಿನ ಪ್ರಶ್ನೆ ಹೊಸದೇನೂ ಅಲ್ಲ. ಎರಡು ದಶಕಗಳ ಹಿಂದೆ ಗೋಡೆಬರಹ, ಬೀದಿನಾಟಕ ಹಾಗೂ ಜಾಥಾಗಳ ಮೂಲಕ ಇದರ ಕುರಿತು ವ್ಯಾಪಕ ಪ್ರಚಾರ ನಡೆದಿತ್ತು. ಈಗ ಆ ಗದ್ದಲ ಅಡಗಿದೆ. ಚಿಕಿತ್ಸೆ ಉಚಿತವಾಗಿ ದೊರೆಯುತ್ತಿದೆ, ಸಾವುಗಳು ಇಳಿದಿವೆ. ಆದರೆ ಚಿಕಿತ್ಸೆಯ ಯಶಸ್ಸಿನ ಬೆನ್ನಿಗೇ ಇನ್ನೊಂದು ಪ್ರಶ್ನೆ ಹುಟ್ಟಿಕೊಂಡಿದೆ. ಇಂದು ಕೆಲಸ ಮಾಡುತ್ತಿರುವ ಔಷಧ ನಾಳೆಯೂ ಕೆಲಸ ಮಾಡೀತೆ? ವೈದ್ಯರು ‘ಔಷಧ ಪ್ರತಿರೋಧ’ ಎಂದು ಕರೆಯುವ ಈ ಸಮಸ್ಯೆ ಆಸ್ಪತ್ರೆಯ ನಾಲ್ಕು ಗೋಡೆಗಳೊಳಗೆ ಮಾತ್ರ ತೀರ್ಮಾನವಾಗುವಂಥದಲ್ಲ. ಗಣಿಯ ಹಾಜರಿ ಪುಸ್ತಕ, ಲಾರಿಯ ಟ್ರಿಪ್ ಪಟ್ಟಿ ಮತ್ತು ಗುತ್ತಿಗೆದಾರನ ಕೂಲಿ ಲೆಕ್ಕಗಳೂ ಇದರಲ್ಲಿ ಪಾಲು ಪಡೆದಿವೆ. ಈ ಕಾರಣದಿಂದ ಉದ್ದಿಮೆದಾರರು ಮತ್ತು ವರ್ತಕರು ಈ ವಿಷಯವನ್ನು ಅರಿತಿರುವುದು ಅವಶ್ಯಕ.

ಔಷಧವು ಬಡವನ ಕೈಗೆ ಬಂದ ಬಗೆ

ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. 1990ರ ದಶಕದ ಮಧ್ಯಭಾಗದಲ್ಲಿ ಮೂರು ಔಷಧಗಳನ್ನು ಒಟ್ಟಿಗೆ ನೀಡುವ ಚಿಕಿತ್ಸಾಕ್ರಮ ಪಾಶ್ಚಾತ್ಯ ದೇಶಗಳಲ್ಲಿ ಜಾರಿಗೆ ಬಂದಾಗ ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತು. ಆದರೆ ಆ ಚಿಕಿತ್ಸೆಗೆ ಒಬ್ಬ ರೋಗಿಗೆ ವರ್ಷಕ್ಕೆ 10 ಸಾವಿರದಿಂದ 15 ಸಾವಿರ ಡಾಲರ್ ವೆಚ್ಚವಾಗುತ್ತಿತ್ತು. ಬಡ ರಾಷ್ಟ್ರಗಳಿಗೆ ಅದು ಗಗನಕುಸುಮವೇ ಆಗಿತ್ತು.

ಈ ಲೆಕ್ಕವನ್ನು ಬದಲಿಸಿದ್ದು ಭಾರತೀಯ ಔಷಧೋದ್ಯಮ. 1970ರ ಪೇಟೆಂಟ್ ಕಾಯಿದೆಯು ಔಷಧದ ಉತ್ಪನ್ನಕ್ಕಲ್ಲದೆ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟ್ ನೀಡುತ್ತಿದ್ದುದರಿಂದ ದೇಶೀಯ ಕಂಪೆನಿಗಳು ಅದೇ ಔಷಧಗಳನ್ನು ಬೇರೆ ವಿಧಾನದಿಂದ ತಯಾರಿಸಲು ಸಾಧ್ಯವಾಗಿತ್ತು. 2001ರ ಫೆಬ್ರವರಿಯಲ್ಲಿ ಸಿಪ್ಲಾ ಕಂಪೆನಿಯ ಮುಖ್ಯಸ್ಥ ಯೂಸುಫ್ ಹಮೀದ್ ಅವರು ಮೂರು ಔಷಧಗಳ ಸಂಯೋಜನೆಯನ್ನು ವರ್ಷಕ್ಕೆ 350 ಡಾಲರಿಗೆ, ಎಂದರೆ ಅಂದಿನ ವಿನಿಮಯ ದರದಲ್ಲಿ ಸುಮಾರು 16 ಸಾವಿರ ರೂಪಾಯಿಗಳಿಗೆ, ಗಡಿರಹಿತ ವೈದ್ಯರ ಸಂಸ್ಥೆಗೆ ಒದಗಿಸುವುದಾಗಿ ಘೋಷಿಸಿದರು. ಮುಂದಿನ ವರ್ಷಗಳಲ್ಲಿ ಹೈದರಾಬಾದಿನ ಹೆಟೆರೊ, ಅರಬಿಂದೊ ಮುಂತಾದ ಕಂಪೆನಿಗಳೂ ಪೈಪೋಟಿಗೆ ಇಳಿದು ಬೆಲೆ ಇನ್ನಷ್ಟು ಕುಸಿಯಿತು. ಅಭಿವೃದ್ಧಿಶೀಲ ರಾಷ್ಟ್ರಗಳು ಕೊಂಡ ಎಚ್‌ಐವಿ ಔಷಧಗಳಲ್ಲಿ ಶೇಕಡಾ 80ಕ್ಕೂ ಹೆಚ್ಚಿನ ಪಾಲು ಭಾರತದಲ್ಲಿಯೇ ತಯಾರಾದದ್ದು ಈ ಪೈಪೋಟಿಯ ಫಲ.

ಕೇಂದ್ರ ಸರ್ಕಾರವು 2004ರ ಏಪ್ರಿಲ್ 1ರಂದು ಹೆಚ್ಚು ಸೋಂಕುಳ್ಳ ಆರು ರಾಜ್ಯಗಳಲ್ಲಿ ಹಾಗೂ ದೆಹಲಿಯಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆಯನ್ನು ಆರಂಭಿಸಿತು. ಕರ್ನಾಟಕವೂ ಆ ಆರರಲ್ಲಿ ಒಂದು. ರಾಜ್ಯದಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಮೊದಲಿಗೆ ಈ ಸೇವೆ ನೀಡಿತು. ನಂತರ ಜಿಲ್ಲಾ ಆಸ್ಪತ್ರೆಗಳಲ್ಲಿ ಎಆರ್‌ಟಿ ಕೇಂದ್ರಗಳು, ತಾಲ್ಲೂಕು ಮಟ್ಟದಲ್ಲಿ ಔಷಧ ವಿತರಿಸುವ ಲಿಂಕ್ ಕೇಂದ್ರಗಳು ಸ್ಥಾಪನೆಯಾದವು.

ಈ ಭಾಗದ ಉದ್ದಿಮೆ ವಲಯಕ್ಕೆ ಹೆಮ್ಮೆ ತರುವ ಸಂಗತಿಯೊಂದನ್ನು ಇಲ್ಲಿ ಸ್ಮರಿಸಬೇಕು. ಆ ದಶಕದಲ್ಲಿಯೇ ಎಸಿಸಿ ಸಿಮೆಂಟ್ ಕಂಪೆನಿಯು ಸರ್ಕಾರಿ ಕಾರ್ಯಕ್ರಮದೊಡನೆ ಪಾಲುದಾರಿಕೆ ಮಾಡಿಕೊಂಡು ವಾಡಿಯಲ್ಲಿ ಎಆರ್‌ಟಿ ಕೇಂದ್ರವೊಂದನ್ನು ತೆರೆಯಿತು. ದೇಶದಲ್ಲಿ ಖಾಸಗಿ ಕಂಪೆನಿಗಳು ಇಂತಹ ಕೇಂದ್ರಗಳಿಗೆ ಮುಂದಾದ ಆರಂಭದ ನಿದರ್ಶನಗಳಲ್ಲಿ ಇದೂ ಒಂದು. ಕಾರ್ಖಾನೆ ಇರುವಲ್ಲಿ ಸಾಗಣೆ ಇರುತ್ತದೆ, ಸಾಗಣೆ ಇರುವಲ್ಲಿ ಮನೆಯಿಂದ ದೂರವಿರುವ ದುಡಿಮೆಗಾರರಿರುತ್ತಾರೆ ಎಂಬ ಸರಳ ಸತ್ಯವನ್ನು ಅದು ಒಪ್ಪಿಕೊಂಡಿತ್ತು. ಕಾರ್ಮಿಕನು ಚಿಕಿತ್ಸೆಯನ್ನು ಅರಸಿ ಹೋಗುವ ಬದಲು ಚಿಕಿತ್ಸೆಯೇ ಕಾರ್ಮಿಕನಿರುವ ಊರಿಗೆ ಬರುವುದರ ಮಹತ್ವವು ಔಷಧ ಪ್ರತಿರೋಧದ ಬಗೆಯನ್ನು ತಿಳಿದಾಗ ಸ್ಪಷ್ಟವಾಗುತ್ತದೆ.

ಪ್ರತಿರೋಧ ಹುಟ್ಟುವ ರೀತಿ

ತೊಗರಿಯ ಕಣಜವೆನಿಸಿದ ಈ ಜಿಲ್ಲೆಯ ರೈತರಿಗೆ ಹಾಗೂ ಕೀಟನಾಶಕ ವರ್ತಕರಿಗೆ ಪ್ರತಿರೋಧದ ಪಾಠವನ್ನು ಹೊಸದಾಗಿ ಹೇಳಬೇಕಿಲ್ಲ. ಕಾಯಿಕೊರಕ ಹುಳುವಿಗೆ ಒಂದೇ ಬಗೆಯ ಔಷಧವನ್ನು ಮತ್ತೆ ಮತ್ತೆ, ಕಡಿಮೆ ಪ್ರಮಾಣದಲ್ಲಿ ಸಿಂಪಡಿಸಿದರೆ ದುರ್ಬಲ ಹುಳುಗಳು ಸತ್ತು, ವಿಷವನ್ನು ತಾಳಿಕೊಳ್ಳುವ ಹುಳುಗಳು ಮಾತ್ರ ಉಳಿದು ಮರಿ ಮಾಡುತ್ತವೆ. ಕೆಲವು ಹಂಗಾಮುಗಳ ನಂತರ ಡಬ್ಬಿಗಟ್ಟಲೆ ಸಿಂಪಡಿಸಿದರೂ ಬೆಳೆ ಉಳಿಯುವುದಿಲ್ಲ. ಎಚ್‌ಐವಿ ವೈರಾಣುವಿನ ವಿಷಯದಲ್ಲಿಯೂ ಇದೇ ನಡೆಯುತ್ತದೆ. ಹೊಲದಲ್ಲಿ ವರ್ಷಗಳು ಹಿಡಿಯುವ ಕ್ರಿಯೆ ಶರೀರದಲ್ಲಿ ಕೆಲವೇ ವಾರಗಳಲ್ಲಿ ನಡೆದುಹೋಗಬಹುದು ಎಂಬುದೊಂದೇ ವ್ಯತ್ಯಾಸ.

ಚಿಕಿತ್ಸೆಯಿಲ್ಲದ ಸೋಂಕಿತನ ದೇಹದಲ್ಲಿ ದಿನವೊಂದಕ್ಕೆ ಸುಮಾರು ಸಾವಿರ ಕೋಟಿ ಹೊಸ ವೈರಾಣುಗಳು ಹುಟ್ಟುತ್ತವೆ. ವೈರಾಣು ತನ್ನ ವಂಶಲಿಪಿಯನ್ನು ನಕಲು ಮಾಡುವಾಗ ತಪ್ಪುಗಳನ್ನು ತಿದ್ದಿಕೊಳ್ಳುವ ಏರ್ಪಾಡು ಅದರಲ್ಲಿಲ್ಲ. ಹೀಗಾಗಿ ಪ್ರತಿದಿನವೂ ಅಸಂಖ್ಯ ರೂಪಾಂತರಗಳು ತಲೆದೋರುತ್ತವೆ. ಮೂರು ಔಷಧಗಳು ಒಟ್ಟಿಗೆ ರಕ್ತದಲ್ಲಿದ್ದಾಗ ಮೂರನ್ನೂ ಏಕಕಾಲದಲ್ಲಿ ತಪ್ಪಿಸಿಕೊಳ್ಳಬಲ್ಲ ರೂಪಾಂತರ ಹುಟ್ಟುವ ಸಂಭವ ತೀರ ಕಡಿಮೆ. ಸಂತತಿಯೇ ಬೆಳೆಯದಿದ್ದರೆ ರೂಪಾಂತರವೂ ಇಲ್ಲ. ಗುಳಿಗೆ ತಪ್ಪಿ ರಕ್ತದಲ್ಲಿನ ಔಷಧದ ಪ್ರಮಾಣ ಇಳಿದಾಗ ಮಾತ್ರ ವೈರಾಣುವಿಗೆ ಬಾಗಿಲು ತೆರೆದಂತಾಗುತ್ತದೆ.

ಭಾರತದಲ್ಲಿ ಮೊದಲ ದಶಕದಲ್ಲಿ ಬಳಕೆಯಲ್ಲಿದ್ದ ಔಷಧಗಳಿಗೆ ಈ ವಿಷಯದಲ್ಲಿ ವಿಶೇಷ ದೌರ್ಬಲ್ಯವಿತ್ತು. ಸ್ಟಾವುಡಿನ್ ಅಥವಾ ಜಿಡೊವುಡಿನ್, ಅದರೊಡನೆ ಲ್ಯಾಮಿವುಡಿನ್ ಮತ್ತು ನೆವಿರಪಿನ್ ಇವು ಅಂದಿನ ಸಾಮಾನ್ಯ ಸಂಯೋಜನೆ. ಇವುಗಳಲ್ಲಿ ನೆವಿರಪಿನ್ ಹಾಗೂ ಅದರ ಗುಂಪಿಗೇ ಸೇರಿದ ಎಫವಿರೆಂಜ್ ಔಷಧಗಳನ್ನು ಸೋಲಿಸಲು ವೈರಾಣುವಿನಲ್ಲಿ ಒಂದೇ ಒಂದು ಬದಲಾವಣೆ ಸಾಕು. ‘ಕೆ 103 ಎನ್’ ಎಂಬ ಸಂಕೇತದಿಂದ ಗುರುತಿಸುವ ಆ ಬದಲಾವಣೆ ಒಂದು ಔಷಧಕ್ಕೆ ಎದುರಾಗಿ ಹುಟ್ಟಿದರೂ ಎರಡಕ್ಕೂ ಅನ್ವಯವಾಗುತ್ತದೆ. ಲ್ಯಾಮಿವುಡಿನ್‌ಗೆ ‘ಎಂ 184 ವಿ’ ಎಂಬ ಇನ್ನೊಂದು ಬದಲಾವಣೆ ಸಾಕು.

ಇದಲ್ಲದೆ ನೆವಿರಪಿನ್ ಮತ್ತು ಎಫವಿರೆಂಜ್ ರಕ್ತದಲ್ಲಿ ಬಹುಕಾಲ ಉಳಿಯುತ್ತವೆ. ಜೊತೆಗಿನ ಔಷಧಗಳು ಬೇಗ ಕರಗುತ್ತವೆ. ಗುಳಿಗೆ ಮುಗಿದು ಹತ್ತು ದಿನ ಊರಿಗೆ ಹೋಗಲಾಗದ ಕಾರ್ಮಿಕನು ಮೂರೂ ಔಷಧಗಳನ್ನು ಒಂದೇ ದಿನ ನಿಲ್ಲಿಸಿದನೆಂದು ಭಾವಿಸುತ್ತಾನೆ. ವಾಸ್ತವವಾಗಿ ಆ ದಿನಗಳಲ್ಲಿ ಅವನ ರಕ್ತದಲ್ಲಿ ಒಂದೇ ಔಷಧ, ಅದೂ ಇಳಿಯುತ್ತಿರುವ ಪ್ರಮಾಣದಲ್ಲಿ, ಉಳಿದಿರುತ್ತದೆ. ವೈರಾಣುವಿಗೆ ಪ್ರತಿರೋಧ ಕಲಿಸಲು ಇದಕ್ಕಿಂತ ಅನುಕೂಲವಾದ ಸ್ಥಿತಿ ಬೇರೊಂದಿಲ್ಲ. ಹೆರಿಗೆಯ ವೇಳೆ ತಾಯಿಗೆ ಒಂದೇ ಪ್ರಮಾಣದ ನೆವಿರಪಿನ್ ನೀಡಿ ಮಗುವನ್ನು ರಕ್ಷಿಸುವ ಹಳೆಯ ಪದ್ಧತಿಯೂ ಇದೇ ಕಾರಣದಿಂದ ಕೆಲವು ತಾಯಂದಿರಲ್ಲಿ ಪ್ರತಿರೋಧವನ್ನು ಉಳಿಸಿತು. ನಂತರ ಆ ಪದ್ಧತಿಯನ್ನು ಕೈಬಿಟ್ಟು ತಾಯಿಗೂ ಪೂರ್ಣ ಚಿಕಿತ್ಸೆ ನೀಡಲಾಯಿತು.

ಗುಳಿಗೆ ತಪ್ಪುವುದು ಏಕೆ?

ರೋಗಿಯ ಅಸಡ್ಡೆಯಿಂದ ಗುಳಿಗೆ ತಪ್ಪುತ್ತದೆ ಎಂಬುದು ಸಾಮಾನ್ಯ ಅಭಿಪ್ರಾಯ. ಈ ಅಭಿಪ್ರಾಯ ಅರ್ಧಸತ್ಯ. ದಿನಕ್ಕೆ ಎರಡು ಹೊತ್ತಿನ ಗುಳಿಗೆಗಳ ಕಾಲದಲ್ಲಿ ತಿಂಗಳಿಗೆ 60 ಗುಳಿಗೆಗಳನ್ನು ನುಂಗಬೇಕಿತ್ತು. ಕಾರ್ಯಕ್ರಮವು ಅಪೇಕ್ಷಿಸಿದ ಶೇಕಡಾ 95ರ ಪಾಲನೆ ಎಂದರೆ ತಿಂಗಳಲ್ಲಿ ತಪ್ಪಬಹುದಾದದ್ದು ಮೂರು ಗುಳಿಗೆ ಮಾತ್ರ. ವರ್ಷಾನುಗಟ್ಟಲೆ, ಜೀವನದ ಕೊನೆಯವರೆಗೆ ಇಂತಹ ಶಿಸ್ತನ್ನು ಪಾಲಿಸಲು ಮನಸ್ಸಿನ ದೃಢತೆಯ ಜೊತೆಗೆ ಅನುಕೂಲವೂ ಬೇಕಾಗುತ್ತದೆ.

ಮೊದಲನೆಯದು ಕೂಲಿಯ ಪ್ರಶ್ನೆ. ಗಣಿ ಹಾಗೂ ಪಾಲಿಶ್ ಘಟಕಗಳ ಬಹುಪಾಲು ಕೆಲಸ ದಿನಗೂಲಿ ಅಥವಾ ತುಂಡುಗುತ್ತಿಗೆಯದು. ತಿಂಗಳಿಗೊಮ್ಮೆ ಔಷಧ ತರಲು ಕೇಂದ್ರಕ್ಕೆ ಹೋಗಿಬರುವುದೆಂದರೆ ಒಂದು ದಿನದ ದುಡಿಮೆ ಹೋದಂತೆ. ವರ್ಷಕ್ಕೆ 12 ದಿನ. ಗಂಡ ಹೆಂಡತಿ ಇಬ್ಬರೂ ಸೋಂಕಿತರಾಗಿದ್ದರೆ ಲೆಕ್ಕ ಇಮ್ಮಡಿ. ಬಸ್ಸಿನ ಖರ್ಚು, ಸರತಿಯಲ್ಲಿ ನಿಂತ ಹೊತ್ತು, ಸಂಜೆ ಮೇಸ್ತ್ರಿಗೆ ಹೇಳಬೇಕಾದ ಸುಳ್ಳು ಇವೆಲ್ಲ ಬೇರೆ. ಉಚಿತ ಔಷಧವು ರೋಗಿಗೆ ಪೂರ್ತಿ ಉಚಿತವಾಗಿರುವುದಿಲ್ಲ.

ಎರಡನೆಯದು ಸಂಚಾರ. ಗುಳೆ ಹೋದವರು ಹೊಸ ಊರಿನಲ್ಲಿ ಕೇಂದ್ರವನ್ನು ಹುಡುಕಿ ಹೆಸರು ವರ್ಗಾಯಿಸಿಕೊಳ್ಳುವವರೆಗೆ ಕೈಯಲ್ಲಿದ್ದ ಗುಳಿಗೆ ಮುಗಿದಿರುತ್ತದೆ. ಲಾರಿ ಚಾಲಕನು ನಾಲ್ಕು ದಿನದ ಟ್ರಿಪ್ಪಿಗೆಂದು ಹೊರಟು, ಮರಳುವ ಲೋಡ್ ದೊರೆಯದೆ ಹತ್ತು ದಿನ ಹೊರಗೆ ಉಳಿಯುವುದು ಈ ಭಾಗದ ಸಾಗಣೆ ವ್ಯವಹಾರದಲ್ಲಿ ಅಪರೂಪವಲ್ಲ.

ಮೂರನೆಯದು ಔಷಧದ ಅಡ್ಡಪರಿಣಾಮ. ಸ್ಟಾವುಡಿನ್ ದೀರ್ಘಕಾಲ ಸೇವಿಸಿದವರಲ್ಲಿ ಕೆನ್ನೆ ಒಳಸರಿದು ಮುಖಚರ್ಯೆಯೇ ಬದಲಾಗುತ್ತಿತ್ತು, ಕಾಲುಗಳಲ್ಲಿ ಉರಿ ಕಾಣಿಸಿಕೊಳ್ಳುತ್ತಿತ್ತು. ಗುಟ್ಟಾಗಿಟ್ಟ ಕಾಯಿಲೆಯನ್ನು ಮುಖವೇ ಹೇಳಿಬಿಡುವ ಭಯದಿಂದ ಗುಳಿಗೆ ಬಿಟ್ಟವರುಂಟು. ಜಿಡೊವುಡಿನ್ ಕೆಲವರಲ್ಲಿ ರಕ್ತಹೀನತೆ ತಂದರೆ, ಎಫವಿರೆಂಜ್ ತಲೆಸುತ್ತು ಮತ್ತು ಕೆಟ್ಟ ಕನಸುಗಳನ್ನು ತರುತ್ತಿತ್ತು. ರಾತ್ರಿ ಲಾರಿ ಓಡಿಸುವವನಿಗೆ, ಕಲ್ಲು ಕೊರೆಯುವ ಯಂತ್ರದ ಮುಂದೆ ನಿಲ್ಲುವವನಿಗೆ ಇದು ಜೀವಾಪಾಯದ ಮಾತು. ಸ್ಟಾವುಡಿನ್ ಬಳಕೆಯನ್ನು ದೇಶದಲ್ಲಿ 2012ರ ಸುಮಾರಿನಿಂದ ಹಂತಹಂತವಾಗಿ ನಿಲ್ಲಿಸಲಾಯಿತು.

ನಾಲ್ಕನೆಯದು ಹಾಗೂ ಎಲ್ಲಕ್ಕಿಂತ ಕಠಿಣವಾದದ್ದು ಅಂಜಿಕೆ. ಹತ್ತಾರು ಜನ ಒಂದೇ ಶೆಡ್ಡಿನಲ್ಲಿ ಮಲಗುವಲ್ಲಿ ಗುಳಿಗೆಯ ಡಬ್ಬಿಯನ್ನು ಇಡುವುದೆಲ್ಲಿ? ಯಾರ ಮುಂದೆ ನುಂಗುವುದು? ತಿಳಿದರೆ ಕೆಲಸ ಹೋದೀತು, ಮಗಳ ಲಗ್ನ ನಿಂತೀತು ಎಂಬ ಭಯವಿರುವಲ್ಲಿ ಗುಳಿಗೆ ತಪ್ಪುವುದರಲ್ಲಿ ಆಶ್ಚರ್ಯವಿಲ್ಲ.

2004ಕ್ಕೂ ಮೊದಲು ಖಾಸಗಿಯಾಗಿ ಔಷಧ ಕೊಂಡವರ ಸ್ಥಿತಿ ಇನ್ನೂ ಕಷ್ಟಕರವಾಗಿತ್ತು. ಹಣವಿದ್ದಾಗ ಕೊಂಡು, ಇಲ್ಲದಾಗ ಬಿಟ್ಟು, ಕೆಲವೊಮ್ಮೆ ಮೂರರ ಬದಲು ಎರಡೇ ಔಷಧ ಸೇವಿಸಿ, ಉಚಿತ ಚಿಕಿತ್ಸೆಯ ಬಾಗಿಲಿಗೆ ಬರುವ ವೇಳೆಗಾಗಲೇ ಪ್ರತಿರೋಧವನ್ನು ಹೊತ್ತು ತಂದವರಿದ್ದರು.

ತಡವಾಗಿ ತಿಳಿಯುವ ಸೋಲು

ಔಷಧ ಸೋಲುತ್ತಿರುವುದು ರೋಗಿಯ ಅನುಭವಕ್ಕೆ ಕೂಡಲೇ ಬರುವುದಿಲ್ಲ. ರಕ್ತದಲ್ಲಿ ವೈರಾಣುವಿನ ಸಂಖ್ಯೆ ಮೊದಲು ಏರುತ್ತದೆ. ತಿಂಗಳುಗಳ ನಂತರ ರೋಗನಿರೋಧಕ ಶಕ್ತಿಯನ್ನು ಸೂಚಿಸುವ ಸಿಡಿ4 ಕಣಗಳ ಸಂಖ್ಯೆ ಇಳಿಯುತ್ತದೆ. ಆಮೇಲೆ ಜ್ವರ, ಕ್ಷಯ, ಭೇದಿ ಕಾಣಿಸಿಕೊಳ್ಳುತ್ತವೆ. ವೈರಾಣುವನ್ನು ನೇರವಾಗಿ ಎಣಿಸುವ ವೈರಲ್ ಲೋಡ್ ಪರೀಕ್ಷೆ ದುಬಾರಿಯಾಗಿದ್ದುದರಿಂದ ದೇಶದ ಕಾರ್ಯಕ್ರಮವು ಬಹುಕಾಲ ಸಿಡಿ4 ಎಣಿಕೆಯನ್ನೇ ಅವಲಂಬಿಸಿತ್ತು. ಫಲವಾಗಿ ಸೋತ ಔಷಧವನ್ನೇ ಎಷ್ಟೋ ಜನರು ವರ್ಷಗಟ್ಟಲೆ ಮುಂದುವರಿಸಿದರು. ಆ ಅವಧಿಯಲ್ಲಿ ವೈರಾಣುವು ಒಂದರ ಮೇಲೊಂದು ರೂಪಾಂತರವನ್ನು ಗಳಿಸಿಕೊಂಡು, ಮುಂದೆ ಕೊಡಬಹುದಾಗಿದ್ದ ಔಷಧಗಳನ್ನೂ ನಿಷ್ಪ್ರಯೋಜಕವಾಗಿಸುವ ಸ್ಥಿತಿಗೆ ತಲುಪುತ್ತದೆ.

2018ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಚಿಕಿತ್ಸೆಯಲ್ಲಿರುವ ಎಲ್ಲರಿಗೂ ಉಚಿತ ವೈರಲ್ ಲೋಡ್ ಪರೀಕ್ಷೆಯನ್ನು ಘೋಷಿಸಿದ್ದು ಈ ದಿಸೆಯಲ್ಲಿ ಮಹತ್ವದ ಹೆಜ್ಜೆ. ಚಿಕಿತ್ಸೆ ಆರಂಭಿಸಿದ ಆರು ತಿಂಗಳಿಗೆ, ಒಂದು ವರ್ಷಕ್ಕೆ, ನಂತರ ವರ್ಷಕ್ಕೊಮ್ಮೆ ಈ ಪರೀಕ್ಷೆ ನಡೆಯಬೇಕು. ಒಂದು ಮಿಲಿಲೀಟರ್ ರಕ್ತರಸದಲ್ಲಿ ವೈರಾಣುವಿನ ಪ್ರತಿಗಳು ಸಾವಿರ ದಾಟಿದರೆ ಅದು ಎಚ್ಚರಿಕೆಯ ಗಂಟೆ. ಆಗ ಮೊದಲು ಗುಳಿಗೆ ತಪ್ಪುವ ಕಾರಣವನ್ನು ಆಪ್ತಸಮಾಲೋಚನೆಯ ಮೂಲಕ ಸರಿಪಡಿಸಿ, ಮರುಪರೀಕ್ಷೆ ಮಾಡಿ, ಬಳಿಕವೇ ಔಷಧ ಬದಲಾಯಿಸುವ ಕ್ರಮವಿದೆ. ವೈರಾಣುವಿನ ವಂಶಲಿಪಿಯನ್ನು ಓದಿ ಯಾವ ಔಷಧಕ್ಕೆ ಪ್ರತಿರೋಧವಿದೆ ಎಂದು ಹೇಳುವ ಪರೀಕ್ಷೆ ಶ್ರೀಮಂತ ದೇಶಗಳಲ್ಲಿ ಚಿಕಿತ್ಸೆಯ ಆರಂಭದಲ್ಲಿಯೇ ನಡೆಯುತ್ತದೆ. ಮಿತ ಸಂಪನ್ಮೂಲದ ದೇಶಗಳಲ್ಲಿ ಅದು ಎಲ್ಲರಿಗೂ ಎಟುಕುವ ಪರೀಕ್ಷೆಯಲ್ಲ.

ಪ್ರತಿರೋಧವು ಒಬ್ಬ ರೋಗಿಯಲ್ಲಿಯೇ ಉಳಿಯುವುದೂ ಇಲ್ಲ. ಬಲಿತ ವೈರಾಣು ಇನ್ನೊಬ್ಬರಿಗೆ ಹರಡಿದರೆ ಆ ವ್ಯಕ್ತಿಗೆ ಮೊದಲ ಗುಳಿಗೆಯೇ ನಿರುಪಯುಕ್ತವಾಗುತ್ತದೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ವರದಿಯಂತೆ ಸಮೀಕ್ಷೆಗೊಳಪಟ್ಟ 11 ದೇಶಗಳ ಪೈಕಿ 6 ದೇಶಗಳಲ್ಲಿ, ಆಗತಾನೆ ಚಿಕಿತ್ಸೆ ಆರಂಭಿಸುತ್ತಿದ್ದವರಲ್ಲಿ ಶೇಕಡಾ 10ಕ್ಕೂ ಹೆಚ್ಚು ಜನರಲ್ಲಿ ಮುಖ್ಯ ಔಷಧಗಳಿಗೆ ಪ್ರತಿರೋಧವುಳ್ಳ ವೈರಾಣು ಕಂಡುಬಂದಿತ್ತು.

ಎರಡನೆಯ ಹಂತದ ವೆಚ್ಚ

ಮೊದಲ ಹಂತದ ಔಷಧ ಸೋತವರಿಗೆ ಎರಡನೆಯ ಹಂತದ ಚಿಕಿತ್ಸೆಯನ್ನು ಸರ್ಕಾರವು 2008ರಲ್ಲಿ ಚೆನ್ನೈ ಬಳಿಯ ತಾಂಬರಂ ಹಾಗೂ ಮುಂಬೈಯ ಜೆ.ಜೆ. ಆಸ್ಪತ್ರೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ ನಂತರ ವಿಸ್ತರಿಸಿತು. ಕರ್ನಾಟಕದ ರೋಗಿಗಳಿಗೆ ಆರಂಭದ ವರ್ಷಗಳಲ್ಲಿ ಬೌರಿಂಗ್ ಆಸ್ಪತ್ರೆಯೇ ಆಸರೆಯಾಗಿತ್ತು. ರಾವೂರ ಅಥವಾ ಚಿಂಚೋಳಿಯ ರೋಗಿಗೆ ಅದು ರಾತ್ರಿಯಿಡೀ ರೈಲಿನ ಪ್ರಯಾಣ. ಮೂರನೆಯ ಹಂತದ ಚಿಕಿತ್ಸೆ ಕಾರ್ಯಕ್ರಮಕ್ಕೆ ಸೇರಿದ್ದು 2016ರಲ್ಲಿ.

ಬೆಲೆಯ ವ್ಯತ್ಯಾಸ ಗಮನಾರ್ಹವಾಗಿದೆ. ಮೊದಲ ಹಂತದ ಈಗಿನ ಸಂಯೋಜನೆಯು ಅಂತರರಾಷ್ಟ್ರೀಯ ಖರೀದಿಯಲ್ಲಿ 2017ರ ಒಪ್ಪಂದದಂತೆ ವರ್ಷಕ್ಕೆ 75 ಡಾಲರ್ ಆಸುಪಾಸಿನಲ್ಲಿದ್ದು, 2023ರಲ್ಲಿ 45 ಡಾಲರಿಗಿಂತ ಕೆಳಗಿಳಿಯಿತು. ಪ್ರತಿರೋಧವುಳ್ಳವರಿಗೆ ಬೇಕಾಗುವ ದಾರುನವಿರ್–ರಿಟೊನವಿರ್ ಔಷಧದ ಬೆಲೆಯನ್ನು 2021ರಲ್ಲಿ ಹೆಟೆರೊ ಕಂಪೆನಿಯೊಡನೆ ಮಾಡಿಕೊಂಡ ಒಪ್ಪಂದದಿಂದ ಇಳಿಸಿದ ಮೇಲೂ ಅದು ವರ್ಷಕ್ಕೆ 210 ಡಾಲರ್. ಅದೂ ಒಂದು ಔಷಧದ್ದು, ಉಳಿದವು ಬೇರೆ. ಒಬ್ಬ ರೋಗಿಯ ಔಷಧ ಸೋತರೆ ನಾಲ್ಕೈದು ರೋಗಿಗಳ ಮೊದಲ ಹಂತದ ಚಿಕಿತ್ಸೆಗೆ ಸಾಲುವ ಹಣ ಅವನೊಬ್ಬನಿಗೇ ಬೇಕಾಗುತ್ತದೆ. ಬಂಡವಾಳವನ್ನು ಕಾಯುವುದು ಹೊಸದಾಗಿ ಹೂಡುವುದಕ್ಕಿಂತ ಅಗ್ಗವೆಂಬ ವ್ಯಾಪಾರದ ನೀತಿ ಇಲ್ಲಿಯೂ ಅನ್ವಯವಾಗುತ್ತದೆ.

ಹೊಸ ಔಷಧ, ಹಳೆಯ ಎಚ್ಚರಿಕೆ

2020ರಿಂದ ದೇಶದ ಕಾರ್ಯಕ್ರಮದಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್ ಹಾಗೂ ಡೊಲುಟೆಗ್ರಾವಿರ್ ಸೇರಿದ, ದಿನಕ್ಕೊಂದೇ ಗುಳಿಗೆಯ ಚಿಕಿತ್ಸೆ ಜಾರಿಗೆ ಬಂದಿದೆ. ಡೊಲುಟೆಗ್ರಾವಿರ್ ವೈರಾಣುವನ್ನು ಶೀಘ್ರವಾಗಿ ಹತ್ತಿಕ್ಕುತ್ತದೆ. ಅಡ್ಡಪರಿಣಾಮ ಕಡಿಮೆ. ಒಂದೇ ರೂಪಾಂತರದಿಂದ ಅದನ್ನು ಸೋಲಿಸುವುದು ವೈರಾಣುವಿಗೆ ಸುಲಭವಲ್ಲ. ಚಿಕಿತ್ಸೆ ಫಲಿಸಿ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದ ವ್ಯಕ್ತಿಯಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ ಎಂಬುದೂ ಈಗ ದೃಢಪಟ್ಟಿದೆ. 2010ಕ್ಕೆ ಹೋಲಿಸಿದರೆ 2023ರ ವೇಳೆಗೆ ದೇಶದಲ್ಲಿ ಏಡ್ಸ್ ಸಂಬಂಧಿತ ಸಾವುಗಳು ಸುಮಾರು ಶೇಕಡಾ 79ರಷ್ಟು ಇಳಿದಿರುವುದು ಚಿಕಿತ್ಸೆಯ ಸಾಧನೆಗೆ ಸಾಕ್ಷಿ.

ಆದರೂ ನಿಶ್ಚಿಂತೆಗೆ ಅವಕಾಶವಿಲ್ಲ. 2024ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯು ಡೊಲುಟೆಗ್ರಾವಿರ್ ಸೇವಿಸುತ್ತಿದ್ದರೂ ವೈರಾಣು ಹತೋಟಿಗೆ ಬಾರದವರಲ್ಲಿ ಶೇಕಡಾ 3.9ರಿಂದ 8.6ರವರೆಗೆ ಪ್ರತಿರೋಧ ಕಂಡುಬಂದಿರುವುದನ್ನು ತಿಳಿಸಿದೆ. ಹಳೆಯ ಔಷಧ ಸೋತು, ವೈರಾಣುವಿನ ಪ್ರಮಾಣ ಅಧಿಕವಾಗಿರುವಾಗಲೇ ಹೊಸ ಔಷಧಕ್ಕೆ ಬದಲಾದವರ ಒಂದು ಗುಂಪಿನಲ್ಲಿ ಇದು ಶೇಕಡಾ 19.6ಕ್ಕೆ ಮುಟ್ಟಿತ್ತು. ಒಳ್ಳೆಯ ಔಷಧವು ತಪ್ಪುಗಳನ್ನು ಸ್ವಲ್ಪ ಹೆಚ್ಚು ಕಾಲ ಸಹಿಸಿಕೊಳ್ಳುತ್ತದೆ, ಶಾಶ್ವತವಾಗಿ ಅಲ್ಲ.

ಕೆಲವು ಚಿಕ್ಕ ಸಂಗತಿಗಳೂ ದೊಡ್ಡ ಪರಿಣಾಮ ಬೀರುತ್ತವೆ. ಕಬ್ಬಿಣ ಮತ್ತು ಸುಣ್ಣಾಂಶದ ಗುಳಿಗೆಗಳು, ಎದೆಯುರಿಗೆ ಕುಡಿಯುವ ಆಮ್ಲಶಾಮಕಗಳು ಬರಿಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಜೊತೆ ಸೇರಿದರೆ ಅದು ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ಇವುಗಳಿಗೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಅದನ್ನು ಸೇವಿಸಬೇಕು. ಕ್ಷಯಕ್ಕೆ ರಿಫಾಂಪಿಸಿನ್ ಸೇವಿಸುತ್ತಿರುವವರಿಗೆ ಡೊಲುಟೆಗ್ರಾವಿರ್ ದಿನಕ್ಕೆರಡು ಬಾರಿ ಬೇಕಾಗುತ್ತದೆ. ಕ್ಷಯ ಚಿಕಿತ್ಸೆಯನ್ನು ಒಂದೆಡೆ, ಎಚ್‌ಐವಿ ಚಿಕಿತ್ಸೆಯನ್ನು ಇನ್ನೊಂದೆಡೆ ಗುಟ್ಟಾಗಿ ಪಡೆಯುವವರಲ್ಲಿ ಈ ಹೊಂದಾಣಿಕೆ ತಪ್ಪಿಹೋಗುವ ಅಪಾಯವಿದೆ.

ಸರಬರಾಜಿನ ಕೊಂಡಿ

ರೋಗಿ ಎಷ್ಟೇ ಶಿಸ್ತಿನವನಾಗಿದ್ದರೂ ಕೇಂದ್ರದಲ್ಲಿ ಔಷಧವೇ ಇಲ್ಲದಿದ್ದರೆ ಶಿಸ್ತಿಗೆ ಅರ್ಥವಿಲ್ಲ. ಟೆಂಡರ್, ಖರೀದಿ ಆದೇಶ, ಗುಣಮಟ್ಟ ಪರೀಕ್ಷೆ, ಸಾಗಣೆ, ದಾಸ್ತಾನು ಇವುಗಳ ಸರಪಣಿಯಲ್ಲಿ ಒಂದು ಕೊಂಡಿ ತಡವಾದರೂ ಕೊನೆಯ ಊರಿನ ಕಪಾಟು ಖಾಲಿಯಾಗುತ್ತದೆಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ. 2022ರ ಜುಲೈನಲ್ಲಿ ಔಷಧದ ಕೊರತೆಯನ್ನು ಮುಂದಿಟ್ಟು ಸೋಂಕಿತರು ದೆಹಲಿಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಯಲ್ಲಿ ವಾರಗಟ್ಟಲೆ ಧರಣಿ ಕುಳಿತದ್ದು ದೇಶದ ಗಮನ ಸೆಳೆಯಿತು. ರಾಷ್ಟ್ರಮಟ್ಟದಲ್ಲಿ ದಾಸ್ತಾನು ಸಾಕಷ್ಟಿದೆಯೆಂದು ಸರ್ಕಾರ ಹೇಳಿತು. ದಾಸ್ತಾನು ಗೋದಾಮಿನಲ್ಲಿದ್ದು ರೋಗಿಯ ಕೈಯಲ್ಲಿ ಇಲ್ಲದಿದ್ದರೆ ವೈರಾಣುವಿನ ಲೆಕ್ಕದಲ್ಲಿ ಎರಡೂ ಒಂದೇ.

ಇದಕ್ಕೆ ವ್ಯತಿರಿಕ್ತವಾದ ಪಾಠ 2020ರ ಲಾಕ್‌ಡೌನ್ ಕಾಲದಲ್ಲಿ ದೊರೆಯಿತು. ಸಂಚಾರ ನಿಂತಾಗ ಒಮ್ಮೆಗೇ ಮೂರು ತಿಂಗಳವರೆಗಿನ ಔಷಧ ನೀಡಲು, ಬೇರೆ ಊರಿನಲ್ಲಿ ಸಿಲುಕಿದವರಿಗೆ ಹತ್ತಿರದ ಕೇಂದ್ರದಲ್ಲಿಯೇ ಔಷಧ ಒದಗಿಸಲು ಸೂಚನೆ ಹೊರಟಿತು. ವರ್ಷಕ್ಕೆ 12 ಬಾರಿಯ ಪ್ರಯಾಣ ನಾಲ್ಕಕ್ಕೆ ಇಳಿಯಬಹುದೆಂಬುದು ಆಗ ಸ್ಪಷ್ಟವಾಯಿತು. ಆರೋಗ್ಯ ಸ್ಥಿರವಾಗಿರುವ ರೋಗಿಗಳಿಗೆ ಈ ಅನುಕೂಲ ತಪ್ಪದೆ ದೊರೆಯುವಂತಾದರೆ ದಿನಗೂಲಿ ಕಾರ್ಮಿಕನಿಗೆ ಅದೇ ದೊಡ್ಡ ನೆರವು.

ನೆನಪೋಲೆಗಳಿಂದ ಮಾತ್ರ ಸಮಸ್ಯೆ ಬಗೆಹರಿಯದು ಎಂಬುದಕ್ಕೂ ಆಧಾರವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಜ್ಞರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಮೂರು ಕೇಂದ್ರಗಳ 631 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊಬೈಲ್ ಫೋನಿನ ಮೂಲಕ ಗುಳಿಗೆಯನ್ನು ನೆನಪಿಸಿದವರಿಗೂ ನೆನಪಿಸದವರಿಗೂ ಚಿಕಿತ್ಸೆಯ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರೆವಿಗಿಂತ ಗಟ್ಟಿಯಾದ ಅಡ್ಡಿಗಳು ಬೇರೆಡೆ ಇವೆ ಎಂದು ಇದರಿಂದ ಊಹಿಸಬಹುದು. ರಜೆ, ಕೂಲಿ, ದೂರ ಮತ್ತು ಅಂಜಿಕೆಗಳನ್ನು ಫೋನಿನ ಗಂಟೆ ನಿವಾರಿಸಲಾರದು.

ಕಾನೂನು ಏನು ಹೇಳುತ್ತದೆ?

2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯಿದೆ, 2017 ಉದ್ದಿಮೆದಾರರ ಮೇಲೆ ಸ್ಪಷ್ಟ ಹೊಣೆ ಹೊರಿಸಿದೆ. ಕೆಲಸಕ್ಕೆ ಸೇರಿಸಿಕೊಳ್ಳಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ವಿಧಿಸುವಂತಿಲ್ಲ. ಸೋಂಕಿನ ಕಾರಣಕ್ಕೆ ಕೆಲಸ ನಿರಾಕರಿಸುವುದು, ತೆಗೆದುಹಾಕುವುದು, ಭೇದ ಮಾಡುವುದು ನಿಷಿದ್ಧ. ವ್ಯಕ್ತಿಯ ಸೋಂಕಿನ ವಿಷಯವನ್ನು ಅವನ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ. ನೂರು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು, ಆರೋಗ್ಯ ಸೇವಾ ಸಂಸ್ಥೆಗಳಾದರೆ ಇಪ್ಪತ್ತು ಅಥವಾ ಹೆಚ್ಚು ಜನರಿರುವಂಥವು, ದೂರು ಆಲಿಸುವ ಅಧಿಕಾರಿಯೊಬ್ಬರನ್ನು ನೇಮಿಸಬೇಕು. ದೊಡ್ಡ ಸಿಮೆಂಟ್ ಕಾರ್ಖಾನೆಗಳು ಈ ಮಿತಿಯೊಳಗೆ ಬರುತ್ತವೆ. ಸಣ್ಣ ಗಣಿ ಹಾಗೂ ಪಾಲಿಶ್ ಘಟಕಗಳಿಗೆ ದೂರು ಅಧಿಕಾರಿಯ ನಿಯಮ ಅನ್ವಯಿಸದಿದ್ದರೂ ಭೇದಭಾವದ ನಿಷೇಧ ಅವುಗಳಿಗೂ ಅನ್ವಯಿಸುತ್ತದೆ.

ಉದ್ದಿಮೆದಾರರು ಮಾಡಬಹುದಾದದ್ದು

ಕಾನೂನಿನ ಪಾಲನೆ ಕನಿಷ್ಠ ಕರ್ತವ್ಯ. ಅದರಾಚೆಗೆ ಹೆಚ್ಚಿನ ವೆಚ್ಚವಿಲ್ಲದೆ ಕೈಗೊಳ್ಳಬಹುದಾದ ಕ್ರಮಗಳು ಹೀಗಿವೆ:

1. ಎಲ್ಲ ಕಾರ್ಮಿಕರಿಗೂ ಮೂರು ತಿಂಗಳಿಗೊಮ್ಮೆ, ಕಾರಣ ಕೇಳದೆ, ಕೂಲಿ ಸಹಿತವಾದ ಒಂದು ‘ಆರೋಗ್ಯ ರಜೆ’ ನೀಡುವುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಷಯ, ಎಚ್‌ಐವಿ ಯಾವುದಕ್ಕಾದರೂ ಅದು ಸಲ್ಲಲಿ. ಎಲ್ಲರಿಗೂ ಇರುವ ರಜೆಯಿಂದ ಯಾರ ಗುಟ್ಟೂ ಬಯಲಾಗುವುದಿಲ್ಲ.

2. ಗುತ್ತಿಗೆದಾರರು, ಮೇಸ್ತ್ರಿಗಳು ಹಾಗೂ ಗುಳೆ ಕರೆದೊಯ್ಯುವ ಮುಕಾದಮರಿಗೂ ಈ ನಿಯಮವನ್ನು ಕರಾರಿನಲ್ಲಿಯೇ ಸೇರಿಸುವುದು. ಕಾಯಂ ನೌಕರನಿಗೆ ದೊರೆತು ಗುತ್ತಿಗೆ ಕಾರ್ಮಿಕನಿಗೆ ದೊರೆಯದ ಸೌಲಭ್ಯದಿಂದ ಸಮಸ್ಯೆ ಬಗೆಹರಿಯದು.

3. ಲಾರಿ ಮಾಲೀಕರು ಚಾಲಕರಿಗೆ ಮನೆಗೆ ಮರಳುವ ದಿನವನ್ನು ಸಾಧ್ಯವಾದಷ್ಟು ಮೊದಲೇ ತಿಳಿಸುವುದು. ದೂರದ ಟ್ರಿಪ್ಪಿಗೆ ಹೊರಡುವವರು ಎರಡು ವಾರದ ಹೆಚ್ಚುವರಿ ಔಷಧವನ್ನೂ ಚಿಕಿತ್ಸಾ ಪುಸ್ತಿಕೆಯನ್ನೂ ಜೊತೆಗಿಟ್ಟುಕೊಳ್ಳುವಂತೆ ಸಾಮಾನ್ಯ ತಿಳಿವಳಿಕೆ ನೀಡುವುದು.

4. ಕಾರ್ಮಿಕರ ಶೆಡ್ಡುಗಳಲ್ಲಿ ಪ್ರತಿಯೊಬ್ಬರಿಗೂ ಬೀಗವಿರುವ ಒಂದು ಚಿಕ್ಕ ಪೆಟ್ಟಿಗೆ ಒದಗಿಸುವುದು. ಗುಳಿಗೆ ಸುರಕ್ಷಿತವಾಗಿರಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

5. ಔಷಧ ವರ್ತಕರು ವೈದ್ಯರ ಚೀಟಿಯಿಲ್ಲದೆ ಎಚ್‌ಐವಿ ಔಷಧಗಳನ್ನು ಬಿಡಿಯಾಗಿ ಮಾರದಿರುವುದು. ಕಬ್ಬಿಣ, ಸುಣ್ಣಾಂಶ, ಆಮ್ಲಶಾಮಕಗಳನ್ನು ಕೊಳ್ಳುವ ಎಲ್ಲರಿಗೂ ಬೇರೆ ಗುಳಿಗೆಗಳಿದ್ದರೆ ಅಂತರ ಬಿಟ್ಟು ಸೇವಿಸಲು ಹೇಳುವುದು.

6. ಕಾರ್ಖಾನೆಯ ಹಾಗೂ ಗಣಿಯ ಸೂಚನಾ ಫಲಕದಲ್ಲಿ ರಾಷ್ಟ್ರೀಯ ಉಚಿತ ಸಹಾಯವಾಣಿ 1097 ಸಂಖ್ಯೆಯನ್ನು ಬರೆಯಿಸುವುದು.

7. ವ್ಯಾಪಾರಿ ಹಾಗೂ ಉದ್ದಿಮೆ ಸಂಘಗಳು ಜಿಲ್ಲೆಯ ಏಡ್ಸ್ ನಿಯಂತ್ರಣ ಘಟಕದೊಡನೆ ನಿಯತವಾಗಿ ಸಮಾಲೋಚಿಸಿ, ಔಷಧದ ಕೊರತೆ ಕಂಡ ಕೂಡಲೇ ಸಂಬಂಧಪಟ್ಟವರ ಗಮನಕ್ಕೆ ತರುವುದು. ವಿತರಣೆಯ ಸಮಯವನ್ನು ಪಾಳಿ ಕೆಲಸಗಾರರಿಗೆ ಅನುಕೂಲವಾಗುವಂತೆ ಹೊಂದಿಸಲು ಒತ್ತಾಯಿಸುವುದು.

2021ರ ಅಂದಾಜಿನಂತೆ ದೇಶದಲ್ಲಿ ಸುಮಾರು 24 ಲಕ್ಷ, ಕರ್ನಾಟಕದಲ್ಲಿ ಸುಮಾರು ಎರಡೂ ಮುಕ್ಕಾಲು ಲಕ್ಷ ಜನ ಎಚ್‌ಐವಿ ಸೋಂಕಿನೊಡನೆ ಬದುಕುತ್ತಿದ್ದರು. ಇವರಲ್ಲಿ ಬಹುಪಾಲು ಜನರು ದುಡಿಯುವ ವಯಸ್ಸಿನವರು. ಔಷಧವನ್ನು ಸರಿಯಾಗಿ ಸೇವಿಸುವ ಕಾರ್ಮಿಕನು ಇತರರಂತೆಯೇ ದಶಕಗಳ ಕಾಲ ದುಡಿಯಬಲ್ಲನು, ಮಕ್ಕಳನ್ನು ಓದಿಸಬಲ್ಲನು. ಔಷಧ ಸೋತರೆ ಅನುಭವಿ ಕೆಲಸಗಾರನೊಬ್ಬ ಹಾಸಿಗೆ ಹಿಡಿಯುತ್ತಾನೆ, ಒಂದು ಮನೆ ಸಾಲಕ್ಕೆ ಬೀಳುತ್ತದೆ, ಬಲಿತ ವೈರಾಣು ಮತ್ತೊಬ್ಬರ ಮನೆಯ ಬಾಗಿಲು ತಟ್ಟುತ್ತದೆ.

ಔಷಧವನ್ನು ಅಗ್ಗವಾಗಿಸುವ ಕೆಲಸವನ್ನು ದೇಶದ ಉದ್ದಿಮೆ ಎರಡು ದಶಕಗಳ ಹಿಂದೆಯೇ ಮಾಡಿತೋರಿಸಿತು. ವಾಡಿಯಂತಹ ಊರಿಗೆ ಅದನ್ನು ತಂದು ಮುಟ್ಟಿಸುವಲ್ಲಿಯೂ ಉದ್ದಿಮೆ ಕೈಜೋಡಿಸಿತು. ಆ ಔಷಧದ ಶಕ್ತಿ ಮುಂದಿನ ತಲೆಮಾರಿಗೂ ಉಳಿಯಬೇಕಾದರೆ ಕಾರ್ಮಿಕನಿಗೆ ಬೇಕಾದದ್ದು ಕೂಲಿ ಕಡಿತವಿಲ್ಲದ ಒಂದು ದಿನ ಮತ್ತು ಕಾರಣ ಕೇಳದ ಒಬ್ಬ ಮಾಲೀಕ. ಇವೆರಡನ್ನೂ ಒದಗಿಸುವುದು ಈ ಭಾಗದ ಉದ್ದಿಮೆದಾರರ ಶಕ್ತಿಗೆ ಮೀರಿದ್ದಲ್ಲ.